ಚಪ್ಪರಕಲ್ಲಿನ ಹಲ್ಲಿ

ತಪ್ಪಲೆಯ ತಳಕ್ಕೆ ಹತ್ತಿದ ಕಡಲೆಬೇಳೆ ಪಾಯಸವನ್ನು ಸೌಟಿನಲ್ಲಿ ಕೆರೆದು ಒಂದು ಬದಿಗೆ ಒಟ್ಟುಮಾಡುತ್ತಿದ್ದಾಗ ಮನೋರಮಮ್ಮನ ಕಣ್ಣಿಗೆ ಅದು ಬಿತ್ತು. ಏಲಕ್ಕಿ ಸಿಪ್ಪೆ ಇರಬೇಕು ಅಂದುಕೊಂಡರು. ಆಮೇಲೆ ತೆಂಗಿನ ನಾರು ಅಂದುಕೊಂಡರು. ಬೆರಳಲ್ಲಿ ಎತ್ತಿ, ಅಂಟಿದ ಬೆಲ್ಲವನ್ನು ಬಾಳೆಲೆಯ ಚೂರಿಗೆ ಒರೆಸಿ ನೋಡಿದರು. ಒಂದು ತುದಿ ಸೂಜಿಯ ಹಾಗೆ ಸಪೂರ, ಇನ್ನೊಂದು ತುದಿ ತುಸು ದಪ್ಪ, ಕಂದು ಮೈಮೇಲೆ ಮಾಸಲು ಪಟ್ಟೆ. ಹಲ್ಲಿಯ ಬಾಲ.

ಸೌಟು ಕೈಯಿಂದ ಜಾರಿ ತಪ್ಪಲೆಯೊಳಗೆ ಠಣ್ಣೆಂದಿತು.

“ಎಂತ ಬಿತ್ತ್ ಅತ್ತಿಗೆ?” ಎಂದು ಆಚೆಯಿಂದ ಕುಸುಮ ಕೇಳಿದಳು. ಕುಸುಮ ಮನೋರಮಮ್ಮನ ನಾದಿನಿ. ಊಟ ಮುಗಿಸಿ, ಕಾಲು ನೀಡಿ ಕೂತು ವೀಳ್ಯ ಮಡಿಸುತ್ತಿದ್ದಳು.

“ಎಂತ ಇಲ್ಲ. ಸೌಟ್ ಜಾರಿ ಹೋಯ್ತ್.”

ಬಾಲವನ್ನು ಬಾಳೆಲೆಯ ಚೂರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಎಲ್ಲರ ಊಟವೂ ಆಗಿ ಹೋಗಿದೆ. ಪಾಯಸ ಬಡಿಸಿದ್ದು ತಾವೇ. ಬೇಡ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದವರಿಗೂ ಬೆರಳ ಸಂದಿಯಲ್ಲಿ ಸುರಿದದ್ದು ತಾವೇ. ಸೊಸೆ ಶ್ರಾವ್ಯಳಿಗೆ ಮಾತ್ರ ಒತ್ತಾಯ ಮಾಡಬೇಕಾಗಿರಲಿಲ್ಲ. ಅವಳು ತಾನಾಗಿಯೇ ಕೇಳಿ ಹಾಕಿಸಿಕೊಂಡಿದ್ದಳು. ಇಷ್ಟು ದಿನ ಏನು ತಿಂದರೂ ವಾಕರಿಕೆ ಬರುತ್ತಿದ್ದ ಹುಡುಗಿ ಇವತ್ತು ಬಾಯಿ ತುಂಬ ಉಂಡಳಲ್ಲ ಎಂದು ಮನೋರಮಮ್ಮನ ಹೊಟ್ಟೆ ತಣ್ಣಗಾಗಿತ್ತು. ಈಗ ಅದೇ ಹೊಟ್ಟೆಯಲ್ಲಿ ಕೆಂಡ ಬಿದ್ದ ಹಾಗಾಯಿತು.

ಶ್ರಾವ್ಯಳಿಗೆ ಐದು ತಿಂಗಳು. ಇದಕ್ಕೆ ಮೊದಲು ಎರಡು ಸಲ ನಿಂತದ್ದು ಉಳಿದಿರಲಿಲ್ಲ. ಎರಡನೆಯ ಸಲವಂತೂ ಅವಳ ಅಪ್ಪ ಬೈಕಿನಿಂದ ಬಿದ್ದ ಸುದ್ದಿಯನ್ನು ಯಾರೋ ಫೋನಿನಲ್ಲಿ ಥಟ್ಟನೆ ಹೇಳಿಬಿಟ್ಟರು. ಆ ರಾತ್ರಿಯೇ ಆಸ್ಪತ್ರೆಗೆ ಒಯ್ಯಬೇಕಾಯಿತು. ಹೆದರಿಕೆಯಿಂದಲೇ ಆಯಿತು ಎಂದು ಮನೋರಮಮ್ಮ ಇವತ್ತಿಗೂ ನಂಬಿದ್ದಾರೆ. ಅಪ್ಪನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಹಾಗಾಗಿ ಈಗ ಹೇಳುವ ಹಾಗೂ ಇಲ್ಲ, ಹೇಳದೆ ಇರುವ ಹಾಗೂ ಇಲ್ಲ.

ಸಾಲಿಗ್ರಾಮ, ಕೋಟದ ಸುತ್ತ ಚದುರಿರುವ ಈ ಕುಟುಂಬದವರು ಕಾರ್ತಿಕದಲ್ಲಿ ಒಂದು ದಿನ ವನಭೋಜನಕ್ಕೆಂದು ಬರುವುದು ಚಪ್ಪರಕಲ್ಲಿಗೆ. ವಂಡ್ಸೆ ದಾಟಿ, ದೊಡ್ಡ ರಸ್ತೆ ಬಿಟ್ಟು, ಟೆಂಪೋ ಹೋಗುವಷ್ಟು ದೂರ ಹೋಗಿ, ಅಲ್ಲಿಂದ ಕಾಲುದಾರಿಯಲ್ಲಿ ಸಾಮಾನು ಹೊತ್ತು ನಡೆಯಬೇಕು. ಅಲ್ಲೊಂದು ಕರಿಬಂಡೆ ಮುಂದಕ್ಕೆ ಚಾಚಿ ಮದುವೆಮನೆಯ ಚಪ್ಪರದಷ್ಟು ಜಾಗಕ್ಕೆ ನೆರಳು ಹಾಕಿದೆ. ಬಂಡೆಗೆ ಒತ್ತಿಕೊಂಡು ಒಂದು ನೆಲ್ಲಿಮರ. ಪೂಜೆ ಆ ಮರಕ್ಕೆ. ನೈವೇದ್ಯದ ಪಾತ್ರೆಗಳನ್ನು ಇಡುವುದು ಮಾತ್ರ ಬಂಡೆಯ ಅಡಿಯಲ್ಲಿ, ಎಲೆ ಕಸ ಉದುರದಿರಲಿ ಎಂದು.

ಬಂಡೆಯ ಒಳಮೈಯಲ್ಲಿ ಹಲ್ಲಿಗಳಿದ್ದವು. ಮನೆಯ ಟ್ಯೂಬ್‌ಲೈಟಿನ ಹತ್ತಿರ ಲೊಚಗುಡುವ ಬಿಳಿಚಿದ ಜಾತಿಯಲ್ಲ ಇವು. ಬೆರಳುದ್ದ, ಕಲ್ಲಿನದೇ ಬಣ್ಣ, ಕಡ್ಡಿಯಂಥ ಕಾಲು, ಮೆಣಸಿನ ಕಾಳಿನಂಥ ದುಂಡು ಕಣ್ಣು. ಹಗಲಿನಲ್ಲೇ ತಿರುಗುತ್ತವೆ, ತಲೆ ಕೆಳಗೆ ಮಾಡಿ ಕಲ್ಲಿಗೆ ಅಂಟಿಕೊಂಡಿರುತ್ತವೆ. ಅಲುಗಾಡದಿದ್ದರೆ ಅಲ್ಲಿವೆ ಎಂದೇ ತಿಳಿಯದು. ಮೇಲೆ ಮರದ ದಟ್ಟ ನೆರಳು, ಪಕ್ಕದಲ್ಲಿ ಒರತೆಯ ತಂಪು ಇರುವ ಇಂಥ ಕಲ್ಲಿನಲ್ಲಲ್ಲದೆ ಊರಿನಲ್ಲಿ ಎಲ್ಲೂ ಅವನ್ನು ಮನೋರಮಮ್ಮ ಕಂಡಿರಲಿಲ್ಲ. ವರ್ಷವೂ ಅವು ಮೇಲೆ, ಇವರು ಕೆಳಗೆ. ಯಾರಿಗೂ ಯಾರ ತಂಟೆಯೂ ಇರಲಿಲ್ಲ.

ಈ ವರ್ಷ ನುಸಿ ಜಾಸ್ತಿಯಾಗಿತ್ತು. ಬಸುರಿ ಹೆಂಡತಿಯ ಕಾಲಿಗೆ ಕಚ್ಚುತ್ತದೆ ಎಂದು ಮಗ ರವಿಶಂಕರ ಅರೆಹಸಿ ಸೊಪ್ಪು ಒಟ್ಟಿ ಬಂಡೆಯಡಿಯಲ್ಲೇ ಹೊಗೆ ಹಾಕಿದ. ಹೊಗೆ ಮೇಲೆದ್ದು ಕಲ್ಲಿಗೆ ಬಡಿದು ಅಲ್ಲೇ ಸುತ್ತಿತು. ಹಲ್ಲಿಗಳು ದಿಕ್ಕೆಟ್ಟು ಒಂದರ ಮೇಲೊಂದು ಹರಿದಾಡಿದ್ದನ್ನು ಎಲ್ಲರೂ ನೋಡಿದರು. “ಅವಕ್ಕೂ ಕೆಮ್ಮ್ ಬತ್ತಾ ಕಾಣ್” ಎಂದು ಶಾಮರಾಯರು ನಗಾಡಿದರು. ಶಾಮರಾಯರು ಮನೋರಮಮ್ಮನ ಗಂಡನ ಅಣ್ಣ. ಪೂಜೆ ಅವರದೇ.

ಹೊಗೆ ಆರುವ ಮೊದಲೇ ನೈವೇದ್ಯದ ಹೊತ್ತಾಯಿತು. ದೇವಸ್ಥಾನದಲ್ಲಾದರೆ ಪರದೆ ಎಳೆಯುತ್ತಾರೆ. ಕಾಡಿನಲ್ಲಿ ಪರದೆ ಎಲ್ಲಿಂದ ಬರಬೇಕು? ದೇವರು ಉಣ್ಣುವುದನ್ನು ನೋಡಬಾರದೆಂದು ಪಾತ್ರೆಗಳ ಮುಚ್ಚಳ ತೆಗೆದಿಟ್ಟು ಎಲ್ಲರೂ ಬೆನ್ನು ಹಾಕಿ ನಿಲ್ಲುವುದು ಇವರ ರೂಢಿ. ಗಂಟೆ ಅಲ್ಲಾಡಿಸುವ ಶಾಮರಾಯರೂ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮಕ್ಕಳು ತಿರುಗಿದರೆ ತಾಯಂದಿರು ಕುತ್ತಿಗೆ ಹಿಡಿದು ಮುಖ ತಿರುಗಿಸುತ್ತಾರೆ. ಅಷ್ಟು ಹೊತ್ತು ಪಾಯಸದ ತಪ್ಪಲೆ ಬಾಯಿ ತೆರೆದುಕೊಂಡು ಹೊಗೆ ತುಂಬಿದ ಬಂಡೆಯಡಿ ಕೂತಿತ್ತು. ಮೇಲಿನಿಂದ ಏನು ಬಿತ್ತು, ಎಷ್ಟು ಬಿತ್ತು, ಬಿದ್ದದ್ದು ಎದ್ದು ಹೋಯಿತೋ ಮುಳುಗಿತೋ, ಕಂಡವರು ಯಾರೂ ಇಲ್ಲ.

ಮನೋರಮಮ್ಮ ತಪ್ಪಲೆಯನ್ನು ವಾಲಿಸಿ, ಉಳಿದ ಪಾಯಸವನ್ನು ಬೆರಳಿನಿಂದ ಕಲಸಿ ಕಲಸಿ ನೋಡಿದರು. ಬೇಳೆ, ಗೋಡಂಬಿ, ಕೊಬ್ಬರಿ ಚೂರು. ಮತ್ತೇನೂ ಇಲ್ಲ. ಅಂದರೆ ಹಲ್ಲಿಯ ಮೈ ಯಾರದೋ ಎಲೆಗೆ ಹೋಗಿದೆ. ಇಲ್ಲವೇ ಹಲ್ಲಿ ತಪ್ಪಲೆಯ ಕಂಠದ ಮೇಲೆ ಬಿದ್ದು, ಬಾಲ ಕಳಚಿಟ್ಟು, ಓಡಿಹೋಗಿದೆ. ಹೆದರಿದ ಹಲ್ಲಿ ಬಾಲ ಬಿಟ್ಟು ಓಡುತ್ತದೆ ಎಂಬುದು ಗುಡಿಸುವ ಹೆಂಗಸರಿಗೆಲ್ಲ ಗೊತ್ತಿದ್ದದ್ದೇ. ಓಡಿಹೋಗಿರಲಿ ದೇವರೇ, ಓಡಿಹೋಗಿರಲಿ ಎಂದು ಅವರು ನೆಲ್ಲಿಮರದ ಕಡೆ ನೋಡಿದರು.

ತೆಕ್ಕಟ್ಟೆಯ ಕಡೆ ಯಾರದೋ ಗೃಹಪ್ರವೇಶದಲ್ಲಿ ಸಾಂಬಾರಿಗೆ ಹಲ್ಲಿ ಬಿದ್ದು ಉಂಡವರೆಲ್ಲ ಸಾಲಾಗಿ ಮಲಗಿದ್ದರಂತೆ ಎಂದು ಕುಸುಮಳೇ ಒಮ್ಮೆ ಹೇಳಿದ್ದಳು. ಯಾರ ಮನೆ ಎಂದು ಅವಳಿಗೂ ಗೊತ್ತಿರಲಿಲ್ಲ. ಆಗ ಮನೋರಮಮ್ಮ ಅರ್ಧ ಕಿವಿಯಲ್ಲಿ ಕೇಳಿದ್ದರು. ಈಗ ಒಂದೊಂದು ಮಾತೂ ನೆನಪಾಗತೊಡಗಿತು. ಮೊದಲು ನಾಲಿಗೆ ದಪ್ಪಗಾಗುತ್ತದಂತೆ. ಆಮೇಲೆ ಹೊಟ್ಟೆ ತೊಳಸುತ್ತದಂತೆ.

ಟೆಂಪೋ ಹತ್ತಿರವಿಲ್ಲ. ಡ್ರೈವರ್ ಲೀಲಾಧರ ಇವರನ್ನು ಇಳಿಸಿ, ವಂಡ್ಸೆಯಲ್ಲಿ ಅಕ್ಕನ ಮನೆ ಇದೆಯೆಂದು ಹೋಗಿದ್ದಾನೆ. ಬಿಸಿಲು ಇಳಿದ ಮೇಲೆ ಬರುವುದು. ಫೋನು ಮಾಡೋಣವೆಂದರೆ ಚಪ್ಪರಕಲ್ಲಿನಲ್ಲಿ ಯಾರ ಫೋನಿಗೂ ಸಿಗ್ನಲ್ ಇಲ್ಲ. ಬೆಳಿಗ್ಗೆ ಅದನ್ನೇ ದೊಡ್ಡ ಸುಖವೆಂದು ಎಲ್ಲರೂ ಆಡಿಕೊಂಡಿದ್ದರು.

ಮನೋರಮಮ್ಮ ಎದ್ದು ಎಂಜಲೆಲೆಗಳನ್ನು ಒಟ್ಟಿದ್ದ ಗುಂಡಿಯ ಕಡೆ ನಡೆದರು. ಉಟ್ಟದ್ದು ಮಡಿಸೀರೆ. ಮಡಿಯಲ್ಲಿ ಎಂಜಲು ಮುಟ್ಟುವುದೆಂದರೆ ಅವರಿಗೆ ಮೈಯೆಲ್ಲ ಮುಳ್ಳು. ಆದರೂ ಕೂತು, ಮಡಚಿದ ಎಲೆಗಳನ್ನು ಒಂದೊಂದಾಗಿ ಬಿಡಿಸಿದರು. ಕರಿಬೇವು, ಒಗ್ಗರಣೆ ಮೆಣಸು, ಉಪ್ಪಿನಕಾಯಿಯ ಹೋಳು. ಯಾವ ಎಲೆಯಲ್ಲಿಯೂ ಅನುಮಾನಕ್ಕೆ ಎಡೆಯಿರಲಿಲ್ಲ. ಅದರಿಂದಲೂ ಧೈರ್ಯ ಬರಲಿಲ್ಲ. ಬಿಸಿ ಪಾಯಸದಲ್ಲಿ ನೆನೆದು ಮೆತ್ತಗಾದದ್ದನ್ನು ಗೋಡಂಬಿಯೆಂದು ನುಂಗಿದ್ದರೆ?

“ಹ್ವಾಯ್ ಅತ್ತಿಗೆ, ಅದೆಂತ, ಯಾರ್ ಎಷ್ಟ್ ಬಿಟ್ರ್ ಅಂತ ಕಾಂತಿದ್ರ್ಯಾ?” ಕುಸುಮ ಬೆನ್ನ ಹಿಂದೆಯೇ ನಿಂತಿದ್ದಳು. “ದೊಡ್ಡಣ್ಣನ್ ಎಲೆ ಹುಡ್ಕ್‌ಬ್ಯಾಡಿ. ಅವ್ರ್ ಎಲೆಯನ್ನೇ ತಿಂದಿರ್ತ್ರ್.”

“ನನ್ ಮೂಗುತಿ ತಿರ್ಪು ಬಿತ್ತ್ ಮರಾಯ್ತಿ.”

“ಮೂಗುತಿ ಮೂಗಲ್ಲೇ ಇತ್ತಲ್ಲ.”

“ತಿರ್ಪು ಅಂದೆ.”

ಕುಸುಮ ಅವರ ಮುಖವನ್ನೇ ನೋಡಿದಳು. “ಮುಖ ಎಂತಕೆ ಹಾಂಗ್ ಬೆಳ್ಳಗೆ ಆಯ್ತ್? ಒಲೆ ಹತ್ರ ಕೂತ್ ಕೂತ್ ಪಿತ್ತ ಏರಿತ್ತ್ ನಿಮ್ಗೆ. ಹೋಯಿನಿ, ಒಂಚೂರ್ ಅಡ್ಡ ಬೀಳಿನಿ.”

ಮನೋರಮಮ್ಮ ಒರತೆಯಲ್ಲಿ ಕೈ ತೊಳೆದು, ಯಾರೂ ಕಾಣದ ಹಾಗೆ ಬಂಡೆಯ ಹಿಂಬದಿಗೆ ಹೋದರು. ಬೇರೆ ದಾರಿ ಉಳಿದಿರಲಿಲ್ಲ. ಬಾಲವಿಲ್ಲದ ಹಲ್ಲಿಯೊಂದು ಜೀವಂತವಾಗಿ ಕಣ್ಣಿಗೆ ಬೀಳಬೇಕು. ಬಿದ್ದರೆ ಯಾರ ಹೊಟ್ಟೆಗೂ ಹಲ್ಲಿ ಹೋಗಿಲ್ಲ, ಶ್ರಾವ್ಯ ಉಂಡದ್ದು ಬರೀ ಪಾಯಸ.

ಅಲ್ಲಿ ಬಂಡೆ ಕೆಳಗಿಳಿದು, ತಲೆ ತಗ್ಗಿಸಿ ನುಗ್ಗುವಷ್ಟೇ ಸಂದಾಗಿತ್ತು. ಒಳಗೆ ಮಣ್ಣಿನ ತಣ್ಣನೆಯ ವಾಸನೆ, ಅದರೊಟ್ಟಿಗೆ ಹೊಗೆಯ ಘಾಟು. ಹಲ್ಲಿಗಳು ಬಂದು ಸೇರಿದ್ದು ಇಲ್ಲಿಯೇ. ಕಣ್ಣು ಕತ್ತಲೆಗೆ ಹೊಂದಿದ ಮೇಲೆ ಒಂದು ಕಂಡಿತು, ಅದರ ಪಕ್ಕ ಇನ್ನೊಂದು, ಆಮೇಲೆ ಕಲ್ಲೆಲ್ಲ ಹಲ್ಲಿಯೇ ಆದ ಹಾಗಾಯಿತು. ಎಲ್ಲವೂ ತಲೆ ಕೆಳಗಾಗಿ ಇವರನ್ನೇ ನೋಡುತ್ತಿದ್ದವು. ಒಂದೊಂದರ ಬಾಲವನ್ನೂ ಹುಡುಕಿದರು. ಇದಕ್ಕಿದೆ. ಇದಕ್ಕೂ ಇದೆ. ಅದು ಸರಕ್ಕನೆ ಸರಿಯಿತು, ಅದಕ್ಕೂ ಇದೆ. ಎಷ್ಟು ಉದ್ದುದ್ದ ಬಾಲಗಳು.

“ಅತ್ತೆ.”

ತಿರುಗಿದರೆ ಶ್ರಾವ್ಯ. ಬಂಡೆಗೆ ಕೈಯೂರಿ ನಿಂತಿದ್ದಳು. ಹಣೆಯಲ್ಲಿ ಬೆವರು.

“ಇಲ್ಲಿಗೆ ಎಂತಕೆ ಬಂದದ್ದ್ ಮಗಾ ನೀನ್?”

“ಹೊಟ್ಟೆ ತೊಳ್ಸ್ತಾ ಇತ್ತ್ ಅತ್ತೆ. ಆಚೆ ಹೊಗೆ. ಅದ್ಕೆ ಈ ಬದಿ ಬಂದೆ.”

ಮನೋರಮಮ್ಮ ಕಲ್ಲು ಹಿಡಿದು ಕೂತುಬಿಟ್ಟರು.

ಶ್ರಾವ್ಯ ಹೆದರಿದಳು. “ಅತ್ತೆ, ಎಂತ ಆಯ್ತ್? ಎದೆ ನೋವಾ? ತಡೀನಿ, ಇವ್ರನ್ನ ಕರಿತೆ.”

“ಕರಿಬ್ಯಾಡ. ಕೂಕೋ. ನಿನ್ ನಾಲ್ಗಿ ಹ್ಯಾಂಗಿತ್ತ್?”

“ನಾಲ್ಗಿಯಾ?”

“ದಪ್ಪ ಆದಾಂಗೆ ಆತ್ತಾ?”

ಶ್ರಾವ್ಯ ಅತ್ತೆಯ ಮುಖವನ್ನೂ ಸೊಂಟದಲ್ಲಿ ಒತ್ತಿ ಹಿಡಿದ ಕೈಯನ್ನೂ ನೋಡಿದಳು. ಬಗ್ಗಿ ಆ ಕೈ ಬಿಡಿಸಿ ಬಾಳೆಲೆಯ ಚೂರನ್ನು ತೆಗೆದಳು. ಮನೋರಮಮ್ಮ ತಡೆಯಲು ಹೋದರು, ಆಗಲಿಲ್ಲ. ಎಲೆ ಬಿಚ್ಚಿಕೊಂಡಿತು.

ಆಚೆಯಿಂದ ಶಾಮರಾಯರ ಗೊರಕೆ ಕೇಳುತ್ತಿತ್ತು.

“ಪಾಯಸದಗಾ?” ಎಂದಳು ಶ್ರಾವ್ಯ.

“ಬರೀ ಬಾಲ ಮಗಾ. ಮೈ ಇಲ್ಲ. ತಪ್ಲಿ ಕಂಡೆ, ಎಲೆ ಎಲ್ಲ ಕಂಡೆ. ಅದ್ ಓಡಿ ಹೋಯಿತ್ತ್. ಇಲ್ಲೇ ಎಲ್ಲೋ ಇತ್ತ್. ನೀ ಹೆದ್ರ್‌ಬ್ಯಾಡ. ಹೆದ್ರೂಕೆ ಆಗ, ನಿಂಗೆ ಹೆದ್ರೂಕೆ ಆಗ.”

ಹಾಗೆನ್ನುತ್ತ ಅವರು ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟಿದ್ದರು. ಕೈ ಗಡಗಡ ನಡುಗುತ್ತಿತ್ತು. ಶ್ರಾವ್ಯ ಆ ಕೈಯನ್ನು ತನ್ನ ಎರಡು ಕೈಯೊಳಗೆ ಹಿಡಿದಳು. ಅವಳ ಬೆರಳುಗಳೂ ತಣ್ಣಗಿದ್ದವು.

“ಹುಡ್ಕುವ ಹಾಂಗಾರೆ,” ಎಂದಳು. ಫೋನಿನ ಟಾರ್ಚು ಹಾಕಿದಳು.

ಬೆಳಕು ಬಿದ್ದದ್ದೇ ಹಲ್ಲಿಗಳು ಸರಸರನೆ ಬಿರುಕುಗಳೊಳಗೆ ಸೇರಿದವು. ಕಲ್ಲಿನ ಒಂದು ಚಾಚಿನ ಅಡಿಯಲ್ಲಿ ಅಂಗಿಯ ಬಿಳಿ ಗುಂಡಿಗಳನ್ನು ಅಂಟಿಸಿದ ಹಾಗೆ ಕಂಡಿತು. ಜೋಡಿ ಜೋಡಿಯಾಗಿ ಮೊಟ್ಟೆ. ಕೆಲವು ಒಡೆದು ಬರೀ ಚಿಪ್ಪು ಉಳಿದಿತ್ತು. ಪಕ್ಕದಲ್ಲೇ ಹೊಸವು. ಎಷ್ಟು ಹಲ್ಲಿಗಳು, ಎಷ್ಟು ವರ್ಷಗಳಿಂದ ಇದೇ ಗೇಣು ಜಾಗಕ್ಕೆ ಬಂದು ಇಟ್ಟು ಹೋದವೋ. ಅದರ ಮೇಲೂ ಹೊಗೆಯ ಮಸಿ ಕೂತಿತ್ತು. ಮನೋರಮಮ್ಮನಿಗೆ ಈಗ ಬೇರೊಂದು ಭಯ ಹತ್ತಿತು. ಮೊಟ್ಟೆ ಇಟ್ಟ ಜೀವಕ್ಕೆ ಹೊಗೆ ಹಾಕಿ ಓಡಿಸಿದ್ದೇವೆ, ಅದೂ ಪೂಜೆಯ ದಿನ, ಬಸುರಿಯ ಹೆಸರಿನಲ್ಲಿ. ಬಾಯಿಬಿಟ್ಟು ಹೇಳಲಿಲ್ಲ. ಬೆಳಕನ್ನು ಅತ್ತ ಹಿಡಿಯಬೇಡವೆಂದು ಸೊಸೆಯ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದರು.

“ಇಗಾ ಅತ್ತೆ,” ಎಂದಳು ಶ್ರಾವ್ಯ, ಉಸಿರು ಬಿಗಿಹಿಡಿದು.

ಬಿರುಕಿನ ಬಾಯಲ್ಲಿ ಒಂದು ಹಲ್ಲಿ. ಹಿಂಗಾಲಿನ ನಂತರ ಮೈ ಥಟ್ಟನೆ ಮುಗಿದುಹೋಗಿತ್ತು. ಮೊಂಡು.

“ಬಾಲ ಇಲ್ಲ. ಕಂಡ್ರ್ಯಾ? ಇದೇ ಅತ್ತೆ. ಓಡಿ ಬಂದ್ ಇಲ್ಲಿ ಕೂಕಂಡಿತ್ತ್.” ಅವಳ ದನಿಯಲ್ಲಿ ನಗು ಇತ್ತು.

ಮನೋರಮಮ್ಮ ಮುಖ ಹತ್ತಿರ ಒಯ್ದರು. ಹಲ್ಲಿಯ ಕುತ್ತಿಗೆ ಡುಬುಡುಬು ಎನ್ನುತ್ತಿತ್ತು. ಬಾಲ ಇರಬೇಕಾದ ಕಡೆ ಹಸಿಗಾಯವಿರಲಿಲ್ಲ. ಚರ್ಮ ಕೂಡಿಕೊಂಡು ಕಪ್ಪಗೆ ಒಣಗಿತ್ತು. ಅದರ ನಡುವಿನಿಂದ ಅಕ್ಕಿಕಾಳಿನಷ್ಟು ಹೊಸ ಬಾಲ ಚಿಗುರಿತ್ತು. ಬಾಲ ಹೋಗಿ ಎಷ್ಟೋ ದಿನವಾದ ಹಲ್ಲಿ ಇದು. ಇವತ್ತಿನದಲ್ಲ.

ಅದು ಬಿರುಕಿನೊಳಗೆ ಮಾಯವಾಯಿತು.

“ಹೌದ್ ಮಗಾ,” ಎಂದರು ಮನೋರಮಮ್ಮ. “ಇದೇ.”

ಶ್ರಾವ್ಯ ಅವರ ಭುಜಕ್ಕೆ ತಲೆಯಾನಿಸಿದಳು. ಅವಳ ವಾಕರಿಕೆಯೂ ಇಳಿದ ಹಾಗಿತ್ತು. ಹೆದರಿಕೆಯನ್ನೆಲ್ಲ ತಾನೊಬ್ಬಳೇ ಇಟ್ಟುಕೊಂಡರಾಯಿತು ಎಂದು ಮನೋರಮಮ್ಮ ಗಟ್ಟಿಮಾಡಿಕೊಂಡರು. ಮಗು ಉಳಿದರೆ ಸಾಕು. ಬಾಲವನ್ನು ಕಲ್ಲಿನ ಬುಡದಲ್ಲಿ ಮಣ್ಣು ಕೆದರಿ ಮುಚ್ಚಿದರು.

ಆಮೇಲಿನ ಹೊತ್ತು ಹೇಗೆ ಕಳೆಯಿತೆಂದು ಅವರಿಗೇ ಗೊತ್ತು. ಕುಸುಮ ಆಕಳಿಸಿದರೆ ಬಾಯೊಳಗೆ ಇಣುಕುತ್ತಿದ್ದರು. ಮಕ್ಕಳು ಆಟದಲ್ಲಿ ಬಿದ್ದರೆ ಎದ್ದು ನಿಲ್ಲುವವರೆಗೆ ಕಣ್ಣು ಕೀಳುತ್ತಿರಲಿಲ್ಲ. ಶಾಮರಾಯರ ಗೊರಕೆ ನಿಂತಾಗ ಓಡಿ ಹೋಗಿ ಮೂಗಿನ ಹತ್ತಿರ ಕೈ ಹಿಡಿದರು. ಶಾಮರಾಯರು ಕಣ್ಣು ಬಿಟ್ಟು, “ಎಂತ ಮನೋರಮಾ, ನುಸಿಯಾ?” ಎಂದರು.

ಬಿಸಿಲು ಇಳಿಯಿತು. ಎಲ್ಲರೂ ಪಾತ್ರೆ ಹೊತ್ತು ಕಾಲುದಾರಿ ಇಳಿದರು. ಲೀಲಾಧರ ಟೆಂಪೋ ತಿರುಗಿಸಿ ನಿಲ್ಲಿಸಿದ್ದ. ಅತ್ತೆ ಸೊಸೆ ಹಿಂದಿನ ಸೀಟಿನಲ್ಲಿ ಕೂತರು. ಮುಂದೆ ಮಕ್ಕಳ ಅಂತ್ಯಾಕ್ಷರಿ ಶುರುವಾಯಿತು. ವಂಡ್ಸೆ ಪೇಟೆ ದಾಟುವಾಗ ಮನೋರಮಮ್ಮ ಸೊಸೆಯ ಮಣಿಕಟ್ಟನ್ನು ಸುಮ್ಮನೆ ಹಿಡಿದುಕೊಂಡ ಹಾಗೆ ಹಿಡಿದು ನಾಡಿ ನೋಡುತ್ತಿದ್ದರು.

“ಅತ್ತೆ,” ಎಂದಳು ಶ್ರಾವ್ಯ, ಕಿಟಕಿಯ ಹೊರಗೆ ನೋಡುತ್ತ. “ಅದ್ರ್ ಗಾಯ ಒಣಗಿತ್ತಲ್ದಾ?”

ಮನೋರಮಮ್ಮನ ಕೈ ಹಾಗೇ ನಿಂತಿತು.

“ಹೊಸ ಬಾಲ ಬಪ್ಪುಕೆ ಶುರು ಆಗಿತ್ತ್.”

“ನೀ ಕಂಡ್ಯಾ?”

“ಕಂಡೆ. ನಿಮ್ ಕೈ ಹಾಂಗ್ ನಡ್ಗ್ತಾ ಇತ್ತಲ್ಲ, ಅದ್ಕೆ ಹೇಳ್ಲಿಲ್ಲ.”

ಶ್ರಾವ್ಯ ಈಗ ಅತ್ತೆಯ ಕಡೆ ತಿರುಗಿದಳು. ಕಣ್ಣಲ್ಲಿ ನೀರು ಕಟ್ಟಿತ್ತು. “ನಂಗೆ ಹೆದ್ರಿಕೆ ಆತ್ತ್ ಅತ್ತೆ. ಆಗಿಂದ ಆತ್ತ್. ಮನಿಗ್ ಹೋಪುದ್ ಬ್ಯಾಡ.”

ಇಷ್ಟು ಹೊತ್ತು ಎಲ್ಲಿತ್ತೋ ಆ ಧೈರ್ಯ. ಮನೋರಮಮ್ಮ ಸೀಟಿನ ಕಂಬಿ ಹಿಡಿದು ಎದ್ದು ನಿಂತರು.

“ಲೀಲಾಧರಾ, ಗಾಡಿ ಕುಂದಾಪುರಕ್ಕೆ ಬಿಡ್. ಆಸ್ಪತ್ರೆಗೆ.” ಅಂತ್ಯಾಕ್ಷರಿ ನಿಂತಿತು. “ಎಲ್ಲ ಕೇಣಿ. ಪಾಯಸಕ್ಕೆ ಹಲ್ಲಿ ಬಿದ್ದಿತ್ತ್. ಬಾಲ ನಂಗೆ ಸಿಕ್ಕಿತ್ತ್. ಮೈ ಸಿಕ್ಲಿಲ್ಲ. ಹುಡ್ಕಿದೆ, ಸಿಕ್ಲಿಲ್ಲ.”

ರವಿಶಂಕರ ಎದ್ದು ಬಂದು ಹೆಂಡತಿಯ ಕಾಲ ಬುಡದಲ್ಲಿ ಕೂತ. ಅವನ ಮುಖ ನೋಡುವ ಹಾಗಿರಲಿಲ್ಲ. ಹೊಗೆ ಹಾಕಿದವನು ತಾನೇ ಎಂದು ಅವನಿಗೆ ಹೇಳಬೇಕಾಗಿರಲಿಲ್ಲ. ಕುಸುಮ ಬಾಯಲ್ಲಿದ್ದ ವೀಳ್ಯವನ್ನು ಕಿಟಕಿಯಿಂದ ಉಗಿದಳು.

“ನಾನ್ ಮೂರ್ ಸರ್ತಿ ಹಾಕ್ಸ್‌ಕಂಡಿದ್ದೆ,” ಎಂದರು ಶಾಮರಾಯರು ಸಣ್ಣ ದನಿಯಲ್ಲಿ. “ನಾಲ್ಗಿ ಜುಂಜುಂ ಅಂತ್ತ್.”

“ವೀಳ್ಯಕ್ಕೆ ಸುಣ್ಣ ಜಾಸ್ತಿ ಆದದ್ದ್ ಅಣ್ಣ ಅದ್,” ಎಂದಳು ಕುಸುಮ. ಹಾಗೆಂದವಳೇ ಕಿಟಕಿಗೆ ತಲೆ ಹಾಕಿ ವಾಂತಿ ಮಾಡಿಕೊಂಡಳು. ಅವಳನ್ನು ನೋಡಿ ಮಕ್ಕಳು ಅತ್ತವು. ಲೀಲಾಧರ ಹಾರ್ನಿನಿಂದ ಕೈ ತೆಗೆಯದೆ ಓಡಿಸಿದ.

ಆಸ್ಪತ್ರೆಯಲ್ಲಿ ಮೊದಲು ಒಳಗೆ ಕರೆದದ್ದು ಶ್ರಾವ್ಯಳನ್ನು. ಮನೋರಮಮ್ಮ ಬಿಡದೆ ಹಿಂದೆಯೇ ನುಗ್ಗಿದರು. ನರ್ಸು ಹುಡುಗಿ ಅವಳ ಹೊಟ್ಟೆಗೆ ತಣ್ಣನೆಯ ಅಂಟು ಸವರಿ ಮಗುವಿನ ಎದೆಬಡಿತ ಕೇಳಿಸುವ ಸಣ್ಣ ಯಂತ್ರವನ್ನು ಇಟ್ಟಳು. ಬರೀ ಸರ್ ಎಂಬ ಸದ್ದು. ಕೆಳಗೆ ಸರಿಸಿದಳು. ಸರ್ ಎಂಬ ಸದ್ದು. ಎಡಕ್ಕೆ ಸರಿಸಿದಳು. ಶ್ರಾವ್ಯ ಮಂಚದ ಅಂಚನ್ನು ಹಿಡಿದ ಬೆರಳುಗಳು ಬಿಳಿಚಿಕೊಂಡವು. ಮನೋರಮಮ್ಮನಿಗೆ ಗೋಡೆ ಹತ್ತಿರ ಬಂದ ಹಾಗಾಯಿತು.

ಆಮೇಲೆ ಬಂತು. ತುಂಬಿದ ಕೊಡದ ಮೇಲೆ ಯಾರೋ ಬೆರಳಿನಿಂದ ಬಡಬಡ ಬಡಿದ ಹಾಗೆ, ನಿಲ್ಲದೆ, ಅವಸರವಾಗಿ.

“ಮಗು ಗಟ್ಟಿ ಇದೆ,” ಎಂದಳು ನರ್ಸು.

ಹಲ್ಲಿಗೆ ವಿಷವೆಂಬುದೇ ಇಲ್ಲ, ಹೊಟ್ಟೆ ಕೆಟ್ಟರೆ ಕೆಟ್ಟೀತು, ಅಷ್ಟೇ, ಎಲ್ಲರೂ ಒಂದಷ್ಟು ಹೊತ್ತು ಹೊರಗೆ ಕೂತು ಮನೆಗೆ ಹೋಗಿ ಎಂದು ಡಾಕ್ಟರು ಹೇಳಿದರು. ಬಾಗಿಲಿನಾಚೆ ಶಾಮರಾಯರು ಆ ಮಾತನ್ನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಮನೋರಮಮ್ಮನೂ ತಲೆಯಾಡಿಸಿದರು. ನರ್ಸು ಯಂತ್ರವನ್ನು ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದಳು.

“ಮಗಾ,” ಎಂದರು ಅವಳಿಗೆ, “ಇನ್ನೊಂದ್ ಸರ್ತಿ ಕೇಂಬುಕೆ ಆತ್ತಾ?”

ನರ್ಸು ಅವರ ಮುಖ ನೋಡಿದಳು. ಪೆಟ್ಟಿಗೆಯನ್ನು ಮತ್ತೆ ತೆರೆದಳು.